ಉಳಿದ ಆರು ಋಷಿಗಳು

ನಮ್ಮ ಸಿನಿಮಾದ ನಾಯಕ ಮಾರುಕಟ್ಟೆಯಲ್ಲಿ ಎಷ್ಟು ಜನ ರೌಡಿಗಳನ್ನು ಹೊಡೆದುರುಳಿಸಿದ ಎಂಬ ಲೆಕ್ಕ ಅಭಿಮಾನಿಗಳ ಬಳಿ ಇರುತ್ತದೆ. ಅದೇ ಮಾರುಕಟ್ಟೆಯಲ್ಲಿ ಬದನೆಕಾಯಿ ಬುಟ್ಟಿ ಎತ್ತಿಕೊಂಡು ಓಡಿದವರು ಎಷ್ಟು ಜನ ಎಂದು ಕೇಳಿ ನೋಡಿ, ಯಾರೂ ಬಾಯಿ ಬಿಡುವುದಿಲ್ಲ. ಆ ಪುಣ್ಯಾತ್ಮರು ಮೊದಲು ಹೆದರಬೇಕು, ಆಮೇಲೆ ಅಂಗಡಿ ಬಾಗಿಲ ಸಂದಿಯಿಂದ ಇಣುಕಬೇಕು, ಕೊನೆಯ ರೌಡಿ ಟೊಮೆಟೊ ಗಾಡಿಯ ಮೇಲೆ ಬಿದ್ದ ಮರುಗಳಿಗೆಯೇ ಎಲ್ಲಿಂದಲೋ ಒಟ್ಟುಗೂಡಿ ಚಪ್ಪಾಳೆ ತಟ್ಟಬೇಕು. ಅಲ್ಲಾ ಸ್ವಾಮಿ, ನನ್ನ ಗಾಡಿ ಟೊಮೆಟೊ ಪೂರ್ತಿ ಚಟ್ನಿಯಾಯಿತಲ್ಲ, ಇದನ್ನು ಯಾರು ಕಟ್ಟಿಕೊಡುತ್ತಾರೆ ಎಂದು ಅವರಲ್ಲೊಬ್ಬ ಕೇಳಿದ್ದನ್ನು ನಾನಂತೂ ಕಂಡಿಲ್ಲ. ಕೇಳುವಂತಿಲ್ಲ. ಕೇಳಿದರೆ ಅದು ಡೈಲಾಗ್ ಆಗುತ್ತದೆ. ಡೈಲಾಗ್ ಆದರೆ ರೇಟು ಬೇರೆ.

ಸಿನಿಮಾ ಹುಟ್ಟಿದಾಗ ಹೀಗಿರಲಿಲ್ಲ. 1895ರ ಡಿಸೆಂಬರ್ 28ರಂದು ಪ್ಯಾರಿಸ್ಸಿನಲ್ಲಿ ಲೂಮಿಯೆರ್ ಸಹೋದರರು ಟಿಕೆಟ್ ಇಟ್ಟು ಜನಕ್ಕೆ ತೋರಿಸಿದ ತುಣುಕುಗಳಲ್ಲಿ ಮೊದಲನೆಯದು, ಲಿಯೋನ್ ಊರಿನ ಅವರದೇ ಕಾರ್ಖಾನೆಯಿಂದ ಕೆಲಸಗಾರರು ಹೊರಗೆ ಬರುವ ದೃಶ್ಯ. ಇಡೀ ಚಿತ್ರ ಒಂದು ನಿಮಿಷಕ್ಕೂ ಕಡಿಮೆ. ಹೀರೋ ಇಲ್ಲ, ಹೀರೋಯಿನ್ ಇಲ್ಲ, ವಿಲನ್ ಇದ್ದರೆ ಅವನು ಕ್ಯಾಮೆರಾದ ಹಿಂದಿದ್ದ ಮಾಲೀಕನೇ ಇರಬೇಕು. ಹಿಂದೆ ನಿಲ್ಲಬೇಕಾದವರೇ ಪರದೆಯ ತುಂಬ ತುಂಬಿಕೊಂಡಿದ್ದ ಭಾಗ್ಯ ಆಮೇಲೆ ಮತ್ತೆ ಬರಲಿಲ್ಲ. ಆ ಚಿತ್ರದ ಮೂರು ಆವೃತ್ತಿಗಳು ಉಳಿದಿವೆ. ಅಂದರೆ ದಿನವಿಡೀ ದುಡಿದು ಮನೆಗೆ ಹೊರಟವರಿಗೆ ‘ಒನ್ ಮೋರ್’ ಹೇಳುವ ಪದ್ಧತಿ ಚಿತ್ರರಂಗಕ್ಕಿಂತ ಒಂದು ದಿನವೂ ಚಿಕ್ಕದಲ್ಲ. ಈ ಮೂರು ಆವೃತ್ತಿಗಳನ್ನು ಪಂಡಿತರು ಗುರುತಿಸುವುದು ಹೇಗೆ ಗೊತ್ತೇ? ಒಂದು ಕುದುರೆ ಇರುವುದು, ಎರಡು ಕುದುರೆ ಇರುವುದು, ಕುದುರೆ ಇಲ್ಲದ್ದು. ಅಷ್ಟೊಂದು ಹೆಂಗಸರು, ಗಂಡಸರು ಟೋಪಿ ಸರಿಮಾಡಿಕೊಂಡು ನಡೆದು ಬಂದರೂ ಹೆಸರು ಬಂದದ್ದು ಕುದುರೆಗೆ.

ನಮ್ಮ ಸೋದರಮಾವನೂ ಕಾರ್ಖಾನೆಯ ಗೇಟಿನಿಂದ ಹೊರಬಂದೇ ಚಿತ್ರರಂಗ ಸೇರಿದವರು. ಸ್ವಯಂ ನಿವೃತ್ತಿಯ ದುಡ್ಡು ಸೈಟಿಗೂ ಮಗಳ ಮದುವೆಗೂ ಕರಗಿದ ಮೇಲೆ ಬೆಳಗಿನ ವಾಕಿಂಗ್ ಒಂದೇ ಅವರ ಪಾಲಿಗೆ ಉಳಿದ ಡ್ಯೂಟಿ. ಆ ವಾಕಿಂಗು ಕಂಠೀರವ ಸ್ಟುಡಿಯೋದ ಕಡೆಗೆ, ಅಣ್ಣಾವ್ರ ಸಮಾಧಿಗೆ ಕೈಮುಗಿದು, ಒಂದು ಬೈಟು ಕಾಫಿಗೆ ಮುಗಿಯುತ್ತಿತ್ತು. ಕಾಫಿ ಅಂಗಡಿಯಲ್ಲಿ, ಶೂಟಿಂಗಿಗೆ ಜನ ಒದಗಿಸುವ ಒಬ್ಬ ಏಜೆಂಟನ ಕಣ್ಣಿಗೆ ಇವರ ಹೊಟ್ಟೆ ಬಿತ್ತು. ನರೆತ ಕೂದಲು, ಚಿನ್ನದ ಬಣ್ಣದ ಫ್ರೇಮಿನ ಕನ್ನಡಕ, ಮುಂದೆ ಬಂದ ಹೊಟ್ಟೆ. “ಸಾರ್, ನಿಮ್ಮದು ರಿಚ್ ಲುಕ್. ಸ್ವಂತ ಕೋಟಿದೆಯಾ?” ಎಂದ ಏಜೆಂಟ್. ಮಗಳ ಆರತಕ್ಷತೆಗೆ ಹೊಲಿಸಿದ ಕೋಟು ಇತ್ತು. ಅಲ್ಲಿಗೆ ಮಾವನ ಅರ್ಹತಾ ಪರೀಕ್ಷೆ ಮುಗಿಯಿತು. ಅಭಿನಯ ಬರುತ್ತದೆಯೇ ಎಂದು ಆತ ಕೇಳಲಿಲ್ಲ, ಇವತ್ತಿನವರೆಗೂ ಯಾರೂ ಕೇಳಿಲ್ಲ.

ಮಾವ ಸ್ವಲ್ಪ ಅನುಮಾನಿಸಿದಾಗ ಏಜೆಂಟ್ ಬ್ರಹ್ಮಾಸ್ತ್ರ ಬಿಟ್ಟ. “1952ರ ‘ಶ್ರೀ ಶ್ರೀನಿವಾಸ ಕಲ್ಯಾಣ’ದಲ್ಲಿ ಅಣ್ಣಾವ್ರು ಏನಾಗಿದ್ರು ಹೇಳಿ? ಸಪ್ತರ್ಷಿಗಳಲ್ಲಿ ಒಬ್ಬರು! ಎರಡೇ ವರ್ಷ ಸಾರ್. 1954ಕ್ಕೆ ‘ಬೇಡರ ಕಣ್ಣಪ್ಪ’!” ಗಾಂಧಿನಗರದಲ್ಲಿ ಈ ಕಥೆಯಷ್ಟು ದುಡಿದ ಕಥೆ ಇನ್ನೊಂದಿಲ್ಲ. ಯಾವ ಬರಹಗಾರನಿಗೂ ಸಂಭಾವನೆ ಕೊಡದೆ ಎಷ್ಟು ತಲೆಮಾರಿನ ಹುಡುಗರನ್ನು ಬಸ್ಸು ಹತ್ತಿಸಿ ಬೆಂಗಳೂರಿಗೆ ಕರೆತಂದಿದೆಯೋ ಲೆಕ್ಕವಿಲ್ಲ. ಮಾವ ಮನೆಗೆ ಬಂದು ಇದನ್ನು ಹೇಳಿದಾಗ ಅವರ ಕಣ್ಣಲ್ಲಿ ಆಗಲೇ ಜಟೆ ಕಟ್ಟಿತ್ತು.

“ಉಳಿದ ಆರು ಋಷಿಗಳು ಏನಾದರು ಅಂತ ಕೇಳಿದ್ರಾ ಮಾವ?”

ಮಾವ ಒಂದು ಕ್ಷಣ ಯೋಚಿಸಿದರು. “ಅವರಿಗೂ ಅವತ್ತಿನ ಕೂಲಿ, ಬೇಟಾ ಬಂದಿರತ್ತೆ ಬಿಡೋ” ಎಂದರು.

ಮಾವನ ಮೊದಲ ಕೆಲಸ ಕೋಟ್ಯಧಿಪತಿಯಾಗಿ. ಉದ್ಯಮಿಯೊಬ್ಬನ ಬಂಗಲೆಯ ಪಾರ್ಟಿ ದೃಶ್ಯ. ಇದಕ್ಕಾಗಿ ಅವರು ಬೆಳಿಗ್ಗೆ ನಾಲ್ಕಕ್ಕೆ ಎದ್ದು, ಕೋಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಮಡಚಿಕೊಂಡು, ಮೊದಲ ಬಿಎಂಟಿಸಿ ಬಸ್ಸಿನಲ್ಲಿ ನಿಂತುಕೊಂಡು ಹೋದರು. ಬಡವರ ಪಾತ್ರಕ್ಕೆ ಬಡವರನ್ನು ಕರೆಯುವುದು ಎಲ್ಲರಿಗೂ ಗೊತ್ತಿದೆ. ಶ್ರೀಮಂತರ ಪಾತ್ರಕ್ಕೂ ಅವರನ್ನೇ ಕರೆಯುತ್ತಾರೆ ಎಂಬುದು ಗೊತ್ತಿರಲಿಲ್ಲ. ಮುಂಬಯಿಯಲ್ಲಿ ಇದಕ್ಕೊಂದು ವರ್ಗವೇ ಇದೆ, ಸಿರಿವಂತರ ಹಾಗೆ ಕಾಣುವ ಎಕ್ಸ್‌ಟ್ರಾಗಳಿಗೆ ‘ಡೀಸೆಂಟ್’ ಎಂದು ಹೆಸರು, ಕೂಲಿಯೂ ಸ್ವಲ್ಪ ಮೇಲು. ಉಳಿದವರೆಲ್ಲ ಏನು ಎಂದು ಅಲ್ಲಿ ಯಾರೂ ವಿವರಿಸುವ ಗೋಜಿಗೆ ಹೋಗಿಲ್ಲ. ಮಾವನ ಕೈಗೆ ಕೊಟ್ಟ ವಿಸ್ಕಿ ಗ್ಲಾಸಿನಲ್ಲಿ ಇದ್ದದ್ದು ಹಾಲು ಹಾಕದ, ಆರಿಹೋದ ಟೀ. ಅದನ್ನು ಹೀರಿ ನಗಬೇಕು, ಪಕ್ಕದವನ ಭುಜ ತಟ್ಟಬೇಕು, ಶೇರು ಮಾರುಕಟ್ಟೆಯ ಬಗ್ಗೆ ಮಾತಾಡುವಂತೆ ತುಟಿ ಆಡಿಸಬೇಕು. ದನಿ ಮಾತ್ರ ಬರಬಾರದು. ಮುಂದೆ ನಾಯಕಿ ತನ್ನ ಅಪ್ಪನಿಗೆ ಒಂದು ರಹಸ್ಯ ಹೇಳುತ್ತಿದ್ದಾಳೆ, ಅದು ಕೇಳಿಸಬೇಕು. ಹಿಂದಿನ ಜೋಡಿಗಳು ಕುಣಿಯುತ್ತಲೂ ಇರಬೇಕು, ಹಾಡು ಹಾಕುವಂತಿಲ್ಲ. ಮೂವತ್ತು ಜನ ಕೋಟು, ಗೌನು ತೊಟ್ಟು, ಪಾದದ ಸಪ್ಪಳವೂ ಆಗದಂತೆ, ಇಲ್ಲದ ಸಂಗೀತಕ್ಕೆ ಸೊಂಟ ಆಡಿಸುವುದನ್ನು ದಾರಿಹೋಕರು ಯಾರಾದರೂ ನೋಡಿದ್ದರೆ ನಿಮ್ಹಾನ್ಸಿಗೆ ಫೋನ್ ಮಾಡುತ್ತಿದ್ದರು.

“ಶೇರು ಬಜಾರಿನ ಬಗ್ಗೆ ಏನು ಮಾತಾಡಿದ್ರಿ?” ಎಂದೆ. “ಪಕ್ಕದವನು ನಮ್ಮ ಫ್ಯಾಕ್ಟ್ರೀಲೇ ಟರ್ನರ್ ಆಗಿದ್ದೋನು. ಪಿಎಫ್ ವಿಚಾರ ಮಾತಾಡಿಕೊಂಡ್ವಿ” ಎಂದರು.

ಸೆಟ್ಟಿನಲ್ಲಿ ಮಾವನಿಗೆ ಹೆಸರಿಲ್ಲ. ಯಾರಿಗೂ ಇಲ್ಲ. ಅಸಿಸ್ಟೆಂಟ್ ಡೈರೆಕ್ಟರ್ ಹುಡುಗನ ವಯಸ್ಸು ಮಾವನ ಸರ್ವೀಸಿಗಿಂತ ಕಡಿಮೆ. ಕೈಯಲ್ಲಿ ಮೈಕು ಹಿಡಿದು ಅವನು ಕರೆಯುವುದು, “ಏ ನೀಲಿ ಶರ್ಟು, ಎಡಕ್ಕೆ ಬಾರಯ್ಯ. ಹಸಿರು ಸೀರೆ ಆಂಟಿ, ನೀವು ಅಡ್ಡ ಬರ್ತಿದೀರ.” ಅದೇ ಹುಡುಗ ನಾಯಕನ ನಾಯಿಯನ್ನು ‘ಟೈಗರ್ ಸರ್’ ಅನ್ನುತ್ತಾನೆ. ಶರ್ಟಿಗೂ ನಿಯಮಗಳಿವೆ. ಬಿಳಿ ಬೇಡ, ಬೆಳಕು ಎರಚುತ್ತದೆ. ಸಣ್ಣ ಗೆರೆ ಬೇಡ, ಕ್ಯಾಮೆರಾದಲ್ಲಿ ಕುಣಿಯುತ್ತದೆ. ಕಂಪನಿ ಹೆಸರು ಬರೆದದ್ದು ಬೇಡ. ನಾಯಕ ಅವತ್ತು ತೊಟ್ಟ ಬಣ್ಣ ಅಪ್ಪಿತಪ್ಪಿಯೂ ಬೇಡ. ಇಷ್ಟೆಲ್ಲ ಕಳೆದು ಉಳಿಯುವ ಮಾಸಲು ಬಣ್ಣವೇ ಸಾಮಾನ್ಯ ಜನ. ನಮ್ಮ ಸಿನಿಮಾಗಳಲ್ಲಿ ಸಾಮಾನ್ಯ ಜನ ಯಾಕಷ್ಟು ಮಂಕಾಗಿರುತ್ತಾರೆ ಎಂದು ಸಮಾಜಶಾಸ್ತ್ರಜ್ಞರು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಇನ್ನು ಊಟದ ವಿಚಾರ. ಇದನ್ನು ಸ್ವಲ್ಪ ನಿಧಾನವಾಗಿಯೇ ಹೇಳಬೇಕು.

ಒಂದು ಚಿತ್ರದಲ್ಲಿ ನಾಯಕ ಜಮೀನ್ದಾರನ ಮಗ. ಕೂಲಿಯವರ ಪಂಕ್ತಿಯಲ್ಲಿ ಕುಳಿತು ಅವರದೇ ಎಲೆಯಿಂದ ಒಂದು ತುತ್ತು ಎತ್ತಿ, ಹಸಿವಿಗೆ ಜಾತಿಯಿಲ್ಲ ಎಂಬ ಅರ್ಥದ ದೊಡ್ಡ ಮಾತು ಹೇಳುತ್ತಾನೆ. ಥಿಯೇಟರಿನಲ್ಲಿ ಶಿಳ್ಳೆ ಬೀಳುವ ಜಾಗ. ಮಾವ ಅವತ್ತು ಕೂಲಿಯವರ ಸಾಲಿನಲ್ಲಿದ್ದರು, ರಿಚ್ ಲುಕ್ಕಿಗೆ ಮಸಿ ಬಳಿದು ಬಡವರನ್ನಾಗಿಸಲಾಗಿತ್ತು. ಎಲೆಯ ಮೇಲಿನ ಮುದ್ದೆಯನ್ನು ಬೆಳಿಗ್ಗೆ ಎಂಟಕ್ಕೇ ಬಡಿಸಿ, ಹೊಳೆಯಲೆಂದು ಮೇಲೆ ಎಣ್ಣೆ ಸವರಿದ್ದರು. “ಮುದ್ದೆ ಯಾರೂ ಮುರೀಬೇಡಿ, ಕಂಟಿನ್ಯುಟಿ!” ಎಂದು ಕೂಗು ಬೇರೆ. ನಾಯಕನಿಗೆ ಆ ಸಾಲು ನಾಲಿಗೆಗೆ ಹತ್ತುತ್ತಿಲ್ಲ. ‘ಹಸಿವು’ ಎನ್ನುವಲ್ಲಿ ಗಂಟಲು ಕಟ್ಟಬೇಕು ಎನ್ನುತ್ತಾರೆ ನಿರ್ದೇಶಕರು, ಆತ ಈಗಷ್ಟೇ ಕ್ಯಾರವಾನಿನಲ್ಲಿ ಪ್ರೋಟೀನು ಶೇಕು ಕುಡಿದು ಬಂದಿದ್ದಾನೆ, ಗಂಟಲು ಎಲ್ಲಿಂದ ಕಟ್ಟಬೇಕು? ಟೇಕಿನ ಮೇಲೆ ಟೇಕು. ಹಿಂದೆ ಕೂತ ಅರವತ್ತು ಜನಕ್ಕೆ ಮಾತ್ರ ಆ ಮಾತಿನ ಭಾವ ಮೊದಲ ಟೇಕಿಗೇ ಬಂದುಬಿಟ್ಟಿತ್ತು. ಶಾಟ್ ಓಕೆ ಆದಾಗ ಮೂರೂವರೆ ಗಂಟೆ.

ಆಮೇಲೆ ನಿಜವಾದ ಊಟ. ನಾಯಕನಿಗೆ ಮನೆಯಿಂದ ಬಂದ ಕ್ಯಾರಿಯರ್ರು ಕ್ಯಾರವಾನಿಗೆ ಹೋಯಿತು. ನಿರ್ದೇಶಕರಿಗೆ, ಕ್ಯಾಮೆರಾಮನ್ನರಿಗೆ ಶಾಮಿಯಾನದ ಕೆಳಗೆ ಟೇಬಲ್ಲು, ಚಪಾತಿ, ಪಲ್ಯ, ಮೊಟ್ಟೆ. ಡೈಲಾಗ್ ಇರುವ ಚಿಲ್ಲರೆ ಕಲಾವಿದರಿಗೆ ಪ್ಲಾಸ್ಟಿಕ್ ಕುರ್ಚಿ. ಲೈಟಿನವರು ತಮ್ಮದೇ ಗುಂಪು ಕಟ್ಟಿಕೊಂಡು, ಯಾರಿಗೂ ಹೆದರದೆ, ಮೊದಲೇ ತಿಂದು ಮುಗಿಸಿದ್ದರು. ಎಲ್ಲ ಮುಗಿದ ಮೇಲೆ ಕೂಲಿಯವರ ಪಂಕ್ತಿ, ಈ ಸಲ ಎಲೆಯಿಲ್ಲ, ಪೇಪರ್ ತಟ್ಟೆ. ಸಾಂಬಾರಿನ ತರಕಾರಿ ಹಿಂದಿನ ಪಂಕ್ತಿಗಳಲ್ಲೇ ಸದ್ಗತಿ ಪಡೆದಿತ್ತು. ಮಾವನ ಪಕ್ಕದಲ್ಲಿ ಕುಳಿತಿದ್ದ ಅಜ್ಜಿ ಶೂಟಿಂಗಿನ ಎಲೆಯ ಮೇಲಿನ ಎಣ್ಣೆ ಸವರಿದ ಮುದ್ದೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದರು. ಕಂಟಿನ್ಯುಟಿ ಮುಗಿದಿತ್ತಲ್ಲ. ಪಂಕ್ತಿಭೇದ ತಪ್ಪೆಂದು ಸಾರುವ ದೃಶ್ಯ ಚಿತ್ರೀಕರಿಸಲು ಐದು ಪಂಕ್ತಿ ಬೇಕಾದವು ಎನ್ನುವುದು ನಿರ್ಮಾಪಕರ ಲೆಕ್ಕದಲ್ಲೂ ಇದೆ, ‘ಪ್ರೊಡಕ್ಷನ್ ಖರ್ಚು’ ಎಂಬ ಶೀರ್ಷಿಕೆಯಲ್ಲಿ.

ಕಿರುತೆರೆಯಲ್ಲಿ ಊಟ ಹೊತ್ತಿಗೆ ಸರಿಯಾಗಿ ಸಿಗುತ್ತದೆ, ಮುಹೂರ್ತ ಮಾತ್ರ ಬರುವುದಿಲ್ಲ. ರಾಜರಾಜೇಶ್ವರಿ ನಗರ, ಕೆಂಗೇರಿ ಕಡೆಯ ಬಾಡಿಗೆ ಬಂಗಲೆಗಳಲ್ಲಿ ನಡೆಯುವ ಧಾರಾವಾಹಿ ಮದುವೆಗೆ ಹೋದ ಅತಿಥಿ ಎರಡು ವಾರ ಅದೇ ರೇಷ್ಮೆ ಸೀರೆ ಉಡಬೇಕು, ಒಗೆಯುವಂತಿಲ್ಲ. ಅಕ್ಷತೆ ಹಿಡಿದ ಮುಷ್ಟಿ ಬೆವರಿ ಅಕ್ಕಿ ಅರ್ಧ ಬೆಂದಿರುತ್ತದೆ. ಆಗ ಬಾಗಿಲಲ್ಲಿ ಒಬ್ಬಳು “ನಿಲ್ಲಿಸಿ!” ಎನ್ನುತ್ತಾಳೆ. ಎಲ್ಲರೂ ಒಟ್ಟಿಗೆ ತಿರುಗಬೇಕು, ಮತ್ತೆ ತಿರುಗಬೇಕು, ಇನ್ನೊಂದು ಕೋನದಿಂದ ಮತ್ತೊಮ್ಮೆ. ನಮ್ಮ ಅತ್ತೆ ಒಂದು ಸಲ ಹೋಗಿ ಕತ್ತು ಉಳುಕಿಸಿಕೊಂಡು ಬಂದು, ನಿಜವಾದ ಮದುವೆಗಳಿಗೇ ಹೋಗುವುದನ್ನು ಬಿಟ್ಟರು. ಕಾಮಿಡಿ ಶೋಗಳ ಪ್ರೇಕ್ಷಕರ ಪಾಡು ಇದಕ್ಕಿಂತ ವಾಸಿ. ಜೋಕು ಬರುವ ಮೊದಲೇ ನಗು ತೆಗೆದುಕೊಂಡುಬಿಡುತ್ತಾರೆ, ಜೋಕು ಕೇಳಿದ ಮೇಲೆ ಬರಲಿಕ್ಕಿಲ್ಲ ಎಂಬ ಮುಂದಾಲೋಚನೆ.

ಕಾನೂನು ಈ ಹಿಂದೆ ನಿಲ್ಲುವವರನ್ನು ಮರೆತಿದೆ ಎಂದರೆ ತಪ್ಪಾಗುತ್ತದೆ. 1981ರಲ್ಲೇ ಸಂಸತ್ತು ಸಿನಿ ಕಾರ್ಮಿಕರಿಗಾಗಿ ಒಂದು ಕಾಯ್ದೆ ಮಾಡಿತು, ಕೆಲಸಕ್ಕೆ ಮುನ್ನ ಲಿಖಿತ ಒಪ್ಪಂದ ಇರಬೇಕು ಎಂದಿತು. 2024ರಲ್ಲಿ ನಮ್ಮ ರಾಜ್ಯವೂ ಸಿನಿಮಾ ಮತ್ತು ಸಾಂಸ್ಕೃತಿಕ ರಂಗದ ಕಾರ್ಯಕರ್ತರ ಕಲ್ಯಾಣಕ್ಕೆ ಕಾಯ್ದೆ ತಂದು, ಟಿಕೆಟ್ಟಿನ ಮೇಲೆ, ಒಟಿಟಿ ಚಂದಾದ ಮೇಲೆ ಶೇ 1ರಿಂದ 2ರವರೆಗೆ ಸೆಸ್ ಹಾಕಲು ದಾರಿ ಮಾಡಿಕೊಂಡಿತು. ಮಾವನ ಲಿಖಿತ ಒಪ್ಪಂದ ಎಂದರೆ ರಾತ್ರಿ ಹನ್ನೊಂದಕ್ಕೆ ವಾಟ್ಸಾಪಿನಲ್ಲಿ ಬರುವ ಏಜೆಂಟನ ದನಿ: “ನಾಳೆ ಐದೂವರೆ, ಗೇಟ್ ಹತ್ರ, ಕೋಟು ಬೇಡ, ಪಂಚೆ.” ಕೂಲಿ ಏಜೆಂಟನ ಕೈಗೆ ಬಂದು, ಅಲ್ಲಿ ಸ್ವಲ್ಪ ವಿಶ್ರಾಂತಿ ಪಡೆದು, ತೂಕ ಇಳಿಸಿಕೊಂಡು ಮಾವನಿಗೆ ತಲುಪುತ್ತದೆ.

ಯಾವುದೋ ಒಂದು ಗುರುತಿನ ಚೀಟಿ ಮಾಡಿಸಲು ಮಾವ ಒಂದು ಕಚೇರಿಗೆ ಹೋದರು. ಚಿತ್ರಗಳಲ್ಲಿ ಕೆಲಸ ಮಾಡಿದ್ದಕ್ಕೆ ಪುರಾವೆ ಕೇಳಿದರು. ಮಾವ ಮೊಬೈಲಿನಲ್ಲಿ ಚಿತ್ರ ಹಾಕಿ, ನಾಯಕನ ಕಿವಿಯ ಹಿಂದೆ ಮಸುಕಾಗಿ ಕಾಣುವ ಒಂದು ಕಂದು ಉಂಡೆಯನ್ನು ತೋರಿಸಿ, “ಇದು ನಾನೇ” ಎಂದರು. ಗುಮಾಸ್ತರು ಕನ್ನಡಕ ಏರಿಸಿ ನೋಡಿದರು. “ಇದು ಯಾರು ಬೇಕಾದರೂ ಆಗಬಹುದಲ್ಲ?” ಎಂದರು. ಅದೇ ಸ್ವಾಮಿ, ಯಾರು ಬೇಕಾದರೂ ಆಗಬಹುದು ಅನ್ನೋ ಹಾಗೆ ನಿಲ್ಲುವುದೇ ನನ್ನ ಕೆಲಸ, ಅದಕ್ಕೇ ಕೂಲಿ ಕೊಡೋದು ಎಂದು ಮಾವ ವಾದಿಸಿದರು. ಕೆಲಸವನ್ನು ಇಷ್ಟು ಚೆನ್ನಾಗಿ ಮಾಡಿದ್ದರಿಂದಲೇ ಅರ್ಜಿ ತಿರಸ್ಕೃತವಾಯಿತು.

ಸುದ್ದಿಯಲ್ಲೂ ಇದೇ ಫೋಕಸ್ಸು. 1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಸುಲ್ತಾನನ ಧಾರಾವಾಹಿಯ ಸೆಟ್ಟಿಗೆ ಬೆಂಕಿ ಬಿದ್ದು ಹತ್ತಾರು ಜನ ಸುಟ್ಟು ಸತ್ತರು. ಆ ದಿನದ ಬಗ್ಗೆ ಈಗ ಯಾರನ್ನೇ ಕೇಳಿ, ಮೈಯೆಲ್ಲ ಸುಟ್ಟುಕೊಂಡು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದು ಬದುಕಿ ಬಂದ ನಟ, ನಿರ್ದೇಶಕ ಸಂಜಯ್ ಖಾನ್ ಹೆಸರು ಹೇಳುತ್ತಾರೆ. ಸತ್ತವರದು ಸಂಖ್ಯೆ ಹೇಳುತ್ತಾರೆ, ಅದೂ ಒಬ್ಬೊಬ್ಬರು ಒಂದೊಂದು.

ಸಂಖ್ಯೆಯ ಮಾತು ಬಂದರೆ, ಹಿಂದೆ ನಿಲ್ಲುವವರ ಸುವರ್ಣಯುಗ 1981ರ ಜನವರಿ 31. ಅಟೆನ್‌ಬರೋ ತಮ್ಮ ‘ಗಾಂಧಿ’ ಚಿತ್ರಕ್ಕಾಗಿ ದೆಹಲಿಯಲ್ಲಿ ಗಾಂಧೀಜಿಯ ಅಂತಿಮಯಾತ್ರೆಯನ್ನು, ಅದು ನಡೆದ ದಿನದ ವಾರ್ಷಿಕದಂದೇ ಮತ್ತೆ ನಡೆಸಿದರು. ಸೇರಿದವರು ಮೂರು ಲಕ್ಷಕ್ಕೂ ಹೆಚ್ಚು, ಗಿನ್ನೆಸ್ ದಾಖಲೆ. ಕಥೆಯ ಪ್ರಕಾರ ನಾಯಕ ಮಲಗಿದ್ದಾನೆ, ಅಭಿನಯಿಸಿದ್ದು ಹಿಂದಿನವರು. ಅಷ್ಟು ಜನಕ್ಕೆ ಊಟ ಹಾಕುವ ಧೈರ್ಯ ಆಮೇಲೆ ಯಾವ ನಿರ್ಮಾಪಕನಿಗೂ ಬರಲಿಲ್ಲ, ಕಂಪ್ಯೂಟರ್ ಬಂತು. ‘ಲಾರ್ಡ್ ಆಫ್ ದಿ ರಿಂಗ್ಸ್’ ಚಿತ್ರಗಳ ಯುದ್ಧಕ್ಕೆ ತಾವೇ ನೋಡಿ ತಾವೇ ತೀರ್ಮಾನಿಸುವ ಕಂಪ್ಯೂಟರ್ ಸೈನಿಕರನ್ನು ಸೃಷ್ಟಿಸಿದಾಗ, ಆರಂಭದ ಪರೀಕ್ಷೆಯೊಂದರಲ್ಲಿ ಕೆಲವು ಸೈನಿಕರು ಯುದ್ಧ ಬಿಟ್ಟು ಓಡತೊಡಗಿದರಂತೆ. ಮಾವನಿಗೆ ಇದನ್ನು ಹೇಳಿದಾಗ ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. “ಊಟದ ಗಂಟೆ ಹೊಡೆದಿರಬೇಕು” ಎಂದರು.

ನಮ್ಮಲ್ಲಿ ಇನ್ನೂ ಅಗ್ಗದ ವಿದ್ಯೆ ನಡೆಯುತ್ತದೆ. ನೂರು ಜನರನ್ನು ಕ್ರೀಡಾಂಗಣದ ಒಂದು ಮೂಲೆಯಲ್ಲಿ ಕೂಡಿಸಿ ಶೂಟ್ ಮಾಡುವುದು, ಎಬ್ಬಿಸಿ ಪಕ್ಕದ ಮೂಲೆಗೆ ಕಳಿಸುವುದು, ಮತ್ತೆ ಶೂಟ್, ಕೊನೆಗೆ ಎಲ್ಲ ಅಂಟಿಸಿದರೆ ಕ್ರೀಡಾಂಗಣ ಭರ್ತಿ. ಮಾವ ಹೀಗೆ ಒಂದೇ ಕಬಡ್ಡಿ ಪಂದ್ಯವನ್ನು ಎಲ್ಲ ದಿಕ್ಕಿನಿಂದಲೂ ನೋಡಿ ಎರಡೂ ತಂಡಗಳಿಗೆ ಜೈಕಾರ ಹಾಕಿದ್ದಾರೆ. ಕೂಲಿ ಒಬ್ಬ ಮಾವನಿಗೆ ಮಾತ್ರ. 2023ರಲ್ಲಿ ಹಾಲಿವುಡ್ಡಿನ ನಟರು ನಾಲ್ಕು ತಿಂಗಳ ಹತ್ತಿರ ಮುಷ್ಕರ ಹೂಡಿದಾಗ ಅವರ ಸಂಘದ ಒಂದು ದೂರು ಇದೇ ಜಾತಿಯದು: ಹಿನ್ನೆಲೆ ಕಲಾವಿದರ ಮೈಯನ್ನು ಒಂದು ದಿನದ ಸಂಬಳಕ್ಕೆ ಸ್ಕ್ಯಾನ್ ಮಾಡಿಟ್ಟುಕೊಂಡು ಎಂದೆಂದಿಗೂ ಬಳಸಲು ಸ್ಟುಡಿಯೋಗಳು ಹೊಂಚುಹಾಕಿವೆ ಎಂದು. ಹಾಗೇನಿಲ್ಲ ಎಂದು ಸ್ಟುಡಿಯೋಗಳವರು ಅಲ್ಲಗಳೆದರು. ಪತ್ರಿಕೆಯಲ್ಲಿ ಓದಿ ಮಾವ ನಕ್ಕರು. ಅಮೆರಿಕಾದವರಿಗೆ ಈಗ ಹೊಳೆದದ್ದು ಮಾವನ ಮೇಲೆ ಯಾವತ್ತೋ ಪ್ರಯೋಗವಾಗಿತ್ತು, ಅದಕ್ಕೆ ಸ್ಕ್ಯಾನರೂ ಬೇಕಾಗಿರಲಿಲ್ಲ.

ಆದದ್ದಿಷ್ಟು. ಒಂದು ಧಾರಾವಾಹಿಯ ನಾಯಕಿಗೆ ಸತ್ತುಹೋದ ಅಪ್ಪ ಬೇಕಿತ್ತು. ಏಜೆಂಟ್ ಮಾವನನ್ನು ಕರೆದೊಯ್ದ. ಒಂದು ಕುರ್ಚಿ, ಒಂದು ಫ್ಲ್ಯಾಶು, “ಸ್ವಲ್ಪ ಸತ್ತವರ ಥರ ಪ್ರೀತಿಯಿಂದ ನೋಡಿ ಸಾರ್” ಎಂಬ ಒಂದು ಸೂಚನೆ, ಅರ್ಧ ದಿನದ ಬೇಟಾ. ಫೋಟೊಗೆ ಚೌಕಟ್ಟು ಹಾಕಿ, ಗಂಧದ ಹಾರ ತೊಡಿಸಿ, ಕೆಂಪು ಬಲ್ಬು ಉರಿಸಿ ಹಾಲಿನ ಗೋಡೆಗೆ ನೇತುಹಾಕಿದರು. ಧಾರಾವಾಹಿ ಓಡಿತು. ಓಡಿತೆಂದರೆ ವರ್ಷಗಟ್ಟಲೆ. ವಾರಕ್ಕೆ ಆರು ದಿನ ಸಂಜೆ ಏಳೂವರೆಗೆ ನಾಯಕಿ ಮಾವನ ಮುಂದೆ ನಿಂತು ಗೊಳೋ ಎಂದು ಅತ್ತು, ಅತ್ತೆಯ ಕಾಟ, ನಾದಿನಿಯ ಸಂಚು, ಗಂಡನ ಅನುಮಾನ ಎಲ್ಲವನ್ನೂ ನಿವೇದಿಸಿಕೊಳ್ಳುತ್ತಿದ್ದಳು. ಇಡೀ ಧಾರಾವಾಹಿಯಲ್ಲಿ ಅತಿ ಹೆಚ್ಚು ಹೊತ್ತು ಪರದೆಯ ಮೇಲಿದ್ದ ಕಲಾವಿದರು ನಮ್ಮ ಮಾವನೇ ಇರಬೇಕು, ಫೋಕಸ್ಸಿನಲ್ಲಿ ಬೇರೆ. ಎರಡನೆಯ ಬೇಟಾ ಬರಲಿಲ್ಲ. ಕೇಳಿದ್ದಕ್ಕೆ, “ಫೋಟೊ ಕಾಲ್‌ಶೀಟ್ ಕೊಡಲ್ಲವಲ್ಲ ಸಾರ್” ಎಂದನಂತೆ ಏಜೆಂಟ್.

ಇತ್ತ ಮನೆಯಲ್ಲಿ ನಮ್ಮ ಅತ್ತೆಯ ಪಾಡು ನೋಡಬೇಕಿತ್ತು. ಗಂಡ ಪಕ್ಕದಲ್ಲಿ ಕುಳಿತು ಚುರುಮುರಿ ತಿನ್ನುತ್ತಿದ್ದಾನೆ, ಎದುರಿಗೆ ಟಿವಿಯಲ್ಲಿ ಅವನಿಗೇ ಹಾರ. ಮೊದಲ ತಿಂಗಳು ಏಳೂವರೆಗೆ ಟಿವಿ ಆರಿಸಿದರು, ಎರಡನೆಯ ತಿಂಗಳು ಕಥೆಯ ರುಚಿ ಹತ್ತಿ ಹಚ್ಚಿದರು, ಆದರೆ ಹಾರ ಕಂಡಾಗಲೆಲ್ಲ ತಾಳಿ ಕಣ್ಣಿಗೊತ್ತಿಕೊಳ್ಳುವುದು ಬಿಡಲಿಲ್ಲ. ಊರಿನಿಂದ ಒಬ್ಬರು ದೂರದ ನೆಂಟರು ಫೋನ್ ಮಾಡಿ, ತಿಥಿಗೆ ಯಾಕೆ ಹೇಳಲಿಲ್ಲ ಎಂದು ಜಗಳವಾಡಿದರು.

ಕೊನೆಗೆ ಟಿಆರ್‌ಪಿ ಇಳಿಯಿತು. ಇಳಿದಾಗ ನಮ್ಮ ಧಾರಾವಾಹಿಗಳಲ್ಲಿ ಸತ್ತವರು ಎದ್ದು ಬರುತ್ತಾರೆ. ನಾಯಕಿಯ ಅಪ್ಪ ಅಪಘಾತದಲ್ಲಿ ಸತ್ತೇ ಇರಲಿಲ್ಲ, ನೆನಪು ಕಳೆದುಕೊಂಡು ಎಲ್ಲೋ ಇದ್ದ, ಬರುವ ಸೋಮವಾರ ಮಹಾಸಂಚಿಕೆ. ಅತ್ತೆ ಆ ಪ್ರೋಮೊ ನೋಡಿದ ದಿನ ಪಾಯಸ ಮಾಡಿ, ದೇವರಿಗೆ ತುಪ್ಪದ ದೀಪ ಹಚ್ಚಿದರು. ಮಾವ ಕ್ಷೌರ ಮಾಡಿಸಿಕೊಂಡು, ಒಂದು ಪುಟ ಡೈಲಾಗಾದರೂ ಇರುತ್ತದೆ ಎಂದು ಲೆಕ್ಕ ಹಾಕಿ ಫೋನಿನ ಮುಂದೆ ಕುಳಿತರು. ಫೋನ್ ಬರಲಿಲ್ಲ. ಬದುಕಿ ಬರುವ ಅಪ್ಪನಿಗೆ ಮಾರ್ಕೆಟ್ ಇರುವ ಹಿರಿಯ ನಟರೊಬ್ಬರನ್ನು ಹಾಕಿದ್ದರು. ಗೋಡೆಯ ಫೋಟೊ ರಾತ್ರೋರಾತ್ರಿ ಬದಲಾಯಿತು, ಅದೇ ಚೌಕಟ್ಟು, ಅದೇ ಹಾರ, ಮುಖ ಮಾತ್ರ ಬೇರೆ. ನಾಡಿನ ಒಬ್ಬ ವೀಕ್ಷಕನೂ ಅಪ್ಪ ಬದಲಾದದ್ದನ್ನು ಗಮನಿಸಲಿಲ್ಲ. ಅತ್ತೆಯನ್ನು ಬಿಟ್ಟು.

“ಸಾಯೋಕೆ ನಾನು ಬೇಕಾಗಿತ್ತು ಕಣೋ” ಎಂದರು ಮಾವ. ಹೆಚ್ಚು ಮಾತಾಡಲಿಲ್ಲ. ರಾತ್ರಿ ಹನ್ನೊಂದಕ್ಕೆ ವಾಟ್ಸಾಪಿನಲ್ಲಿ ಏಜೆಂಟನ ದನಿ ಬಂತು: “ಸಾರ್, ನಾಳೆ ಆರಕ್ಕೆ. ಅದೇ ಸೀರಿಯಲ್ಲು. ಅಪ್ಪ ಬದುಕಿ ಬಂದ ಸಂತೋಷಕ್ಕೆ ಮನೇಲಿ ಫಂಕ್ಷನ್ನು, ಗೆಸ್ಟ್‌ಗಳು ಬೇಕು. ಕೋಟು ತನ್ನಿ.” ಮಾವ ಹೋದರು. ತಾವು ವರ್ಷಗಟ್ಟಲೆ ತೂಗಿದ್ದ ಗೋಡೆಯ ಕೆಳಗೇ, ಅಕ್ಷತೆ ಹಿಡಿದ ಗುಂಪಿನ ನಡುವೆ ನಿಂತು, ತಾವು ಬದುಕಿ ಬಂದದ್ದಕ್ಕೆ ತಾವೇ ಚಪ್ಪಾಳೆ ತಟ್ಟಿದರು. ಆ ಮುಖವನ್ನು ದಿನಾ ನೋಡಿ ಅತ್ತಿದ್ದ ನಾಯಕಿಗಾಗಲಿ, ಕಂಟಿನ್ಯುಟಿ ನೋಡಿಕೊಳ್ಳುವ ಹುಡುಗನಿಗಾಗಲಿ ಗುರುತು ಸಿಗಲಿಲ್ಲ. ಆ ಹುಡುಗ ಮೈಕಿನಲ್ಲಿ ಒಂದೇ ಮಾತು ಹೇಳಿದನಂತೆ: “ಕರಿ ಕೋಟು, ಅಪ್ಪನಿಗೆ ಅಡ್ಡ ಬರ್ತಿದೀರ. ಸ್ವಲ್ಪ ಹಿಂದೆ.”